ಊರಿಗೆ ಮೆದುಳು ಜ್ವರ ಬಂದಾಗ: ತನಿಖೆ ಮಾಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ತನಿಖೆಗೆ ಹೊರಡುವ ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ. ಸೊಳ್ಳೆಯಿಂದ ಹರಡುವ ಒಂದು ಮೆದುಳು ಜ್ವರ ಜಪಾನೀಸ್ ಎನ್ಸೆಫಲೈಟಿಸ್ (ಜೆಇ). ಅದರ ವೈರಸ್ ಸುಮಾರು 250 ಜನರ ಮೈ ಹೊಕ್ಕರೆ ಕಾಯಿಲೆ ಜೋರಾಗುವುದು ಒಬ್ಬರಿಗೆ ಮಾತ್ರ. ಉಳಿದವರಿಗೆ ಒಂದೆರಡು ದಿನ ಮೈ ಬಿಸಿಯಾಗಬಹುದು, ಎಷ್ಟೋ ಜನರಿಗೆ ಅದೂ ಇಲ್ಲ. ಅಂದರೆ ತಾಲ್ಲೂಕು ಆಸ್ಪತ್ರೆಗೆ ಎಂಟು ಮಕ್ಕಳು ಬಂದಿದ್ದರೆ, ಆ ಸುತ್ತಿನಲ್ಲಿ ಹತ್ತಿರ ಹತ್ತಿರ 2000 ಜನರಿಗೆ ಸೊಳ್ಳೆ ಆಗಲೇ ವೈರಸ್ ದಾಟಿಸಿಬಿಟ್ಟಿದೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಸಾವಿರ ಜನರ ಒಂದು ಹಳ್ಳಿ, ಅದರಲ್ಲಿ 300 ಮಕ್ಕಳು. ಮುನ್ನೂರಕ್ಕೆ ಮುನ್ನೂರು ಮಕ್ಕಳಿಗೂ ವೈರಸ್ ತಗುಲಿದೆ ಅಂದುಕೊಂಡರೂ ಆಸ್ಪತ್ರೆ ಸೇರುವುದು ಒಂದೋ ಎರಡೋ ಮಗು. ಹಾಗಾಗಿ ಈ ಜ್ವರ ಊರಿಗೊಂದು, ಎರಡು ಊರಿಗೊಂದು ಅಂತ ಚದುರಿಕೊಂಡು ಬರುತ್ತದೆ. ಒಂದೇ ಮನೆಯ ನಾಲ್ಕು ಮಕ್ಕಳು ಎರಡು ದಿನದಲ್ಲಿ ಪ್ರಜ್ಞೆ ತಪ್ಪಿದರೆ ಅದು ಜೆಇ ಅಲ್ಲ, ಬೇರೆ ಏನೋ. ಈ ಒಂದು ಮಾತು ಗೊತ್ತಿದ್ದರೆ ಅರ್ಧ ತನಿಖೆ ದಾರಿ ತಪ್ಪುವುದಿಲ್ಲ.

ಈ ಬರಹ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರಿಗೆ, ಜಿಲ್ಲಾ ಸರ್ವೇಕ್ಷಣಾ ಘಟಕದವರಿಗೆ, ಸಮುದಾಯ ವೈದ್ಯಶಾಸ್ತ್ರ ಓದುತ್ತಿರುವವರಿಗೆ. ಉದಾಹರಣೆಗೆ ಜೆಇಯನ್ನೇ ಹಿಡಿದಿದ್ದೇನೆ. ಯಾಕೆಂದರೆ ಇದು ನಮ್ಮ ಮನೆ ಬಾಗಿಲಿನ ಕಾಯಿಲೆ. ದೇಶದಲ್ಲಿ ಮೊದಲು ಗೊತ್ತಾಗಿದ್ದು 1955ರಲ್ಲಿ, ಪಕ್ಕದ ವೆಲ್ಲೂರಿನಲ್ಲಿ. ಕೋಲಾರ, ಮಂಡ್ಯ, ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲವೂ ಇದನ್ನು ಕಂಡ ಜಿಲ್ಲೆಗಳೇ. ಈಗ ಹಾಕುವ ಜೆನ್‌ವ್ಯಾಕ್ ಲಸಿಕೆಗೆ ಬಳಸಿದ ವೈರಸ್ ಕೂಡ 1980ರ ದಶಕದ ಆರಂಭದಲ್ಲಿ ಕೋಲಾರದಲ್ಲಿ ಸಿಕ್ಕಿದ್ದು.

ಹೆಸರಿಡುವ ಆತುರ ಬೇಡ

ಫೋನ್ ಮಾಡಿದವರು "ಸಾರ್, ಜೆಇ ಬಂದಿದೆ" ಅಂತಲೇ ಶುರು ಮಾಡುತ್ತಾರೆ. ನೀವು ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು "ಎಇಎಸ್" (ಅಕ್ಯೂಟ್ ಎನ್ಸೆಫಲೈಟಿಸ್ ಸಿಂಡ್ರೋಮ್) ಅಂತ. ಜ್ವರ ಬಂದು ಮೆದುಳಿಗೆ ಏರಿದ ಲಕ್ಷಣಗಳ ಗುಂಪಿಗೆ ಇಟ್ಟಿರುವ ಹೆಸರು ಅದು. ಕಾರಣ ಯಾವುದೂ ಇರಬಹುದು.

ಮಲೇಷ್ಯಾದಲ್ಲಿ ಆಗಿದ್ದು ಇದೇ ಆತುರ. 1998ರ ಕೊನೆಯಲ್ಲಿ ಇಪೋ ಊರಿನ ಕಡೆ ಮೆದುಳು ಜ್ವರ ಶುರುವಾಯಿತು. ಹಂದಿ ಇತ್ತು, ಸೊಳ್ಳೆ ಇತ್ತು, ಕೆಲವರ ರಕ್ತ ಪರೀಕ್ಷೆಯೂ ಜೆಇ ಕಡೆಗೇ ಬೆರಳು ತೋರಿಸಿತು. ಸರಿ, ಜೆಇ ಅಂತ ತೀರ್ಮಾನವಾಯಿತು. ಫಾಗಿಂಗ್ ಆಯಿತು, ಲಸಿಕೆ ಹಾಕಿದ್ದೂ ಆಯಿತು. ಕಾಯಿಲೆ ಮಾತ್ರ ನಿಲ್ಲಲಿಲ್ಲ. ಸಾಯುತ್ತಿದ್ದವರು ಮಕ್ಕಳಲ್ಲ, ಹಂದಿ ಫಾರಂನಲ್ಲಿ ಕೈಯಾರೆ ಕೆಲಸ ಮಾಡುವ ಗಂಡಸರು. ಲಸಿಕೆ ಹಾಕಿಸಿಕೊಂಡವರೂ ಮಲಗಿದರು. ಹಂದಿಗಳೂ ಕೆಮ್ಮಿ ಸಾಯುತ್ತಿದ್ದವು, ಜೆಇಯಲ್ಲಿ ಹಾಗೆ ಆಗುವುದಿಲ್ಲ. 1999ರ ಮಾರ್ಚ್‌ನಲ್ಲಿ ಡಾ. ಚುವಾ ಕಾ ಬಿಂಗ್ ಹೊಸ ವೈರಸ್ ಪತ್ತೆ ಮಾಡಿದರು. ಅದೇ ನಿಪಾ. ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಕೊನೆಗೆ ನೂರಕ್ಕೂ ಹೆಚ್ಚು ಜನ ಸತ್ತರು, ಹತ್ತು ಲಕ್ಷ ಹಂದಿಗಳನ್ನು ಕೊಂದರು.

ಅದೇ ವರ್ಷ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಡಾ. ಡೆಬೊರಾ ಆಸ್ನಿಸ್ ಎಂಬ ವೈದ್ಯೆ ಎರಡು ವಿಚಿತ್ರ ಕೇಸ್ ನೋಡಿ ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಮೊದಲು ಸೇಂಟ್ ಲೂಯಿ ಎನ್ಸೆಫಲೈಟಿಸ್, ಅಂದರೆ ಅಮೆರಿಕದಲ್ಲಿ ಸೊಳ್ಳೆಯಿಂದ ಬರುವ ಇನ್ನೊಂದು ಮೆದುಳು ಜ್ವರ, ಅಂತ ಹೇಳಲಾಯಿತು. ಆದರೆ ಊರಿನ ತುಂಬ ಕಾಗೆಗಳು ಬೀಳುತ್ತಿದ್ದವು, ಮೃಗಾಲಯದ ಹಕ್ಕಿಗಳೂ ಸಾಯುತ್ತಿದ್ದವು. ಸೇಂಟ್ ಲೂಯಿ ವೈರಸ್ ಹಕ್ಕಿಗಳನ್ನು ಹಾಗೆ ಕೊಲ್ಲುವುದಿಲ್ಲ ಅಂತ ಪಟ್ಟು ಹಿಡಿದವರು ಮೃಗಾಲಯದ ಪಶುವೈದ್ಯೆ. ಅದು ವೆಸ್ಟ್ ನೈಲ್. ಈ ವೈರಸ್ ನಮಗೂ ಹೊಸದಲ್ಲ. ಕೋಲಾರ ಜಿಲ್ಲೆಯಲ್ಲಿ ಮೆದುಳು ಜ್ವರದಿಂದ ತೀರಿಕೊಂಡ ಮಕ್ಕಳ ಮೆದುಳಿನಲ್ಲಿ 1980ರ ದಶಕದಲ್ಲೇ ಅದು ಸಿಕ್ಕಿದೆ.

ಇನ್ನು ಗೋರಖ್‌ಪುರ. 2005ರಲ್ಲಿ ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ 5,700ಕ್ಕೂ ಹೆಚ್ಚು ಕೇಸ್, 1,300ಕ್ಕೂ ಹೆಚ್ಚು ಸಾವು. ಮರುವರ್ಷ ಲಸಿಕೆ ಬಂತು, ಜೆಇ ಇಳಿಯಿತು. ಆದರೂ ಪ್ರತಿ ಮಳೆಗಾಲ ವಾರ್ಡು ತುಂಬುತ್ತಲೇ ಇತ್ತು. ಕೂಲಂಕಷವಾಗಿ ನೋಡಿದಾಗ ದೊಡ್ಡ ಪಾಲು ಸ್ಕ್ರಬ್ ಟೈಫಸ್, ಅಂದರೆ ಪೊದೆಯ ಸಣ್ಣ ನುಸಿ ಕಚ್ಚಿ ಬರುವ ಬ್ಯಾಕ್ಟೀರಿಯಾದ ಜ್ವರ, ಅಂತ ಗೊತ್ತಾಯಿತು. ಅದಕ್ಕೆ ಡಾಕ್ಸಿಸೈಕ್ಲಿನ್, ಅಜಿಥ್ರೊಮೈಸಿನ್‌ನಂಥ ಅಗ್ಗದ ಮಾತ್ರೆಗಳೇ ಸಾಕು. ಹೆಸರು ತಪ್ಪಿದರೆ ಬೆಲೆ ತೆರುವವರು ಯಾರು, ಅಲ್ವಾ?

ಹೊರಡುವ ಮುಂಚೆ

ತಂಡದಲ್ಲಿ ಒಬ್ಬ ವೈದ್ಯರು, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಕೀಟತಜ್ಞರು ಇರಲೇಬೇಕು. ಪಶುವೈದ್ಯರನ್ನು ಮೊದಲ ದಿನವೇ ಕರೆಯಿರಿ. ಆಮೇಲೆ ಪತ್ರ ಬರೆದು ಕರೆಸುವಷ್ಟರಲ್ಲಿ ವಾರ ಕಳೆದಿರುತ್ತದೆ. ವ್ಯಾಕ್ಸಿನ್ ಕ್ಯಾರಿಯರ್, ಐಸ್ ಪ್ಯಾಕ್, ಸ್ಟೆರೈಲ್ ಟ್ಯೂಬ್, ಗ್ಲುಕೋಮೀಟರ್, ಟಾರ್ಚ್, ಸೊಳ್ಳೆ ಹಿಡಿಯುವ ಆಸ್ಪಿರೇಟರ್, ಲಾರ್ವಾ ಎತ್ತುವ ಡಿಪ್ಪರ್, ಫಾರಂಗಳು ಜತೆಯಲ್ಲಿರಲಿ. ಪೆನ್ಸಿಲ್ ಮರೆಯಬೇಡಿ. ಬಾಲ್‌ಪೆನ್ನಿನಲ್ಲಿ ಬರೆದ ಲೇಬಲ್ ಐಸ್ ನೀರಿಗೆ ತೊಯ್ದು ಅಳಿಸಿಹೋಗಿ, ಆರು ಟ್ಯೂಬ್ ಯಾರದು ಅಂತ ಗೊತ್ತಾಗದೆ ನಾನು ತಲೆ ಚಚ್ಚಿಕೊಂಡಿದ್ದೇನೆ. ಅವತ್ತಿನಿಂದ ನನ್ನ ಜೇಬಿನಲ್ಲಿ ಸದಾ ಎರಡು ಪೆನ್ಸಿಲ್.

ಮೊದಲು ಆಸ್ಪತ್ರೆಗೆ, ಆಮೇಲೆ ಊರಿಗೆ

ನೇರ ಹಳ್ಳಿಗೆ ಹೋಗಿ ಚರಂಡಿ ನೋಡುವ ಚಾಳಿ ನಮ್ಮಲ್ಲಿದೆ. ಬೇಡ. ಮೊದಲು ವಾರ್ಡಿಗೆ ಹೋಗಿ, ಮಗುವನ್ನು ಕಣ್ಣಾರೆ ನೋಡಿ. ಕೇಸ್ ಶೀಟ್ ಓದಿ, ಡ್ಯೂಟಿ ನರ್ಸ್ ಜತೆ ಮಾತಾಡಿ. ಮಗು ಬಂದಾಗ ಹೇಗಿತ್ತು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಾಸಿಗೆಯ ಪಕ್ಕದಲ್ಲೇ ಆಗಬೇಕಾದ ನಾಲ್ಕು ಕೆಲಸಗಳಿವೆ. ಒಂದು, ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡುವುದು. ಬಿಹಾರದ ಮುಜಫ್ಫರ್‌ಪುರದಲ್ಲಿ ವರ್ಷ ವರ್ಷ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯುತ್ತಿದ್ದರು. ಹೆಚ್ಚಿನವರಿಗೆ ಜ್ವರವೇ ಇರಲಿಲ್ಲ, ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ರಾತ್ರಿ ಊಟವಿಲ್ಲದೆ ಲಿಚಿ ಹಣ್ಣು ತಿಂದ ಮಕ್ಕಳು ಅವರು. ಸೊಳ್ಳೆಗೂ ಅದಕ್ಕೂ ಸಂಬಂಧವೇ ಇಲ್ಲ. ಎರಡು, ಮಲೇರಿಯಾಕ್ಕೆ ರಕ್ತಲೇಪನ. ಮೂರು, ಬಟ್ಟೆ ಬಿಚ್ಚಿಸಿ ಕಂಕುಳು, ತೊಡೆಸಂದು ನೋಡುವುದು. ಬೀಡಿ ತುದಿಯಿಂದ ಸುಟ್ಟಂಥ ಕಪ್ಪು ಕಲೆ ಕಂಡರೆ ಸ್ಕ್ರಬ್ ಟೈಫಸ್ ಇರಬಹುದು. ನಾಲ್ಕು, ಬೆನ್ನುಹುರಿಯ ನೀರು ಹೇಗಿದೆ ಅಂತ ನೋಡುವುದು. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿ, ಸಕ್ಕರೆ ಕಡಿಮೆ ಇದ್ದರೆ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಕಡೆ ಯೋಚಿಸಿ. ತಿಳಿಯಾಗಿದ್ದು, ಲಿಂಫೋಸೈಟ್ ಕಣಗಳು ಹೆಚ್ಚಿದ್ದು, ಸಕ್ಕರೆ ಸರಿಯಾಗಿದ್ದರೆ ವೈರಸ್ ಕಡೆ.

ಮಗುವಿನ ಮುಖ ಭಾವವಿಲ್ಲದೆ ಬಿಗಿದುಕೊಂಡಿದೆಯಾ? ಕೈ ನಡುಗುತ್ತಿದೆಯಾ? ಎಂಆರ್‌ಐ ಆಗಿದ್ದರೆ ಮೆದುಳಿನ ಒಳಗಿನ ಥಲಾಮಸ್ ಭಾಗದಲ್ಲಿ ಎರಡೂ ಕಡೆ ಬದಲಾವಣೆ ಇದೆಯಾ? ಇವು ಜೆಇಗೆ ಒಪ್ಪುವ ಗುರುತುಗಳು. ಒಪ್ಪುತ್ತವೆ ಅಷ್ಟೇ, ಸಾಬೀತು ಮಾಡುವುದಿಲ್ಲ.

ಗಂಟೆಗಳಲ್ಲೇ ಮಗು ಕೈಬಿಟ್ಟು ಹೋಗುತ್ತಿದ್ದರೆ ಚಂದೀಪುರ ವೈರಸ್ ನೆನಪಿರಲಿ. 2003ರಲ್ಲಿ ಆಂಧ್ರದಲ್ಲಿ 329 ಮಕ್ಕಳಿಗೆ ಬಂದು 183 ಮಕ್ಕಳನ್ನು ಕೊಂಡೊಯ್ದಿದ್ದು ಅದೇ. ಅದನ್ನು ಹರಡುವುದು ಮರಳು ನೊಣ. ಗದ್ದೆ ಬಯಲಿನಲ್ಲಿ ಸೊಳ್ಳೆ ಹುಡುಕುತ್ತಾ ಕೂತರೆ ಅದು ಸಿಗುವುದಿಲ್ಲ, ಮಣ್ಣಿನ ಗೋಡೆಯ ಬಿರುಕು ನೋಡಬೇಕು.

ಸ್ಯಾಂಪಲ್: ಯಾವುದು, ಯಾವಾಗ

ಜೆಇ ವೈರಸ್ ರಕ್ತದಲ್ಲಿ ಇರುವುದು ಬಹಳ ಕಡಿಮೆ ಹೊತ್ತು. ಮಗು ಪ್ರಜ್ಞೆ ತಪ್ಪುವಷ್ಟರಲ್ಲಿ ಅದು ರಕ್ತದಿಂದ ಖಾಲಿಯಾಗಿರುತ್ತದೆ. ಅದಕ್ಕೇ ನಾವು ವೈರಸ್ಸನ್ನು ಹುಡುಕುವ ಬದಲು ಮೈ ತಯಾರಿಸಿದ ಐಜಿಎಂ ಪ್ರತಿಕಾಯವನ್ನು ಹುಡುಕುತ್ತೇವೆ. ಬೆನ್ನುನೀರಿನಲ್ಲಿ ಅದು ಲಕ್ಷಣ ಶುರುವಾದ ನಾಲ್ಕನೇ ದಿನದ ಹೊತ್ತಿಗೆ ಹೆಚ್ಚಿನವರಲ್ಲಿ ಸಿಗುತ್ತದೆ, ರಕ್ತದಲ್ಲಿ ಏಳನೇ ದಿನದ ಹೊತ್ತಿಗೆ. ಎರಡನೇ ದಿನ ತೆಗೆದ ರಕ್ತದ ರಿಪೋರ್ಟ್ ನೆಗೆಟಿವ್ ಬಂತು ಅಂತ ಕೈಬಿಟ್ಟರೆ ತಪ್ಪು ನಿಮ್ಮದೇ. ಹತ್ತು ದಿನವಾದ ಮೇಲೆ, ಇಲ್ಲವೇ ಡಿಸ್ಚಾರ್ಜ್ ದಿನ, ಇನ್ನೊಂದು ಸಲ ರಕ್ತ ತೆಗೆಯಿರಿ.

ಎರಡೂ ಸಿಗುವುದಾದರೆ ಬೆನ್ನುನೀರಿಗೇ ಬೆಲೆ ಜಾಸ್ತಿ. ಕಾರಣ ಎರಡು. ಡೆಂಗಿ, ವೆಸ್ಟ್ ನೈಲ್, ಜೆಇ ಒಂದೇ ಕುಟುಂಬದ ವೈರಸ್‌ಗಳು. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಹಲ್ಲು ಕಿರಿಯುತ್ತದೆ. ಡೆಂಗಿ ಇರುವ ಊರಿನಲ್ಲಿ ಬರೀ ರಕ್ತ ನಂಬಿದರೆ ಮೋಸ ಹೋಗುತ್ತೀರಿ. ಹಾಗಾಗಿ ಡೆಂಗಿ ಐಜಿಎಂ ಕೂಡ ಜತೆಗೇ ಮಾಡಿಸಿ. ಎರಡನೆಯದು ಲಸಿಕೆ. ಈಚೆಗೆ ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದಲ್ಲೂ ಐಜಿಎಂ ಇರಬಹುದು. ತಾಯಿ ಕಾರ್ಡ್ ತೆಗೆಸಿ ತಾರೀಖು ನೋಡಿ.

ಎರಡು ಮೂರು ಎಂಎಲ್ ಬೆನ್ನುನೀರು ಸಾಕು. ರಕ್ತವಾದರೆ ಸೀರಂ ಬೇರ್ಪಡಿಸಿದ ಮೇಲೆ ಮಾತ್ರ ಕಳಿಸಿ. ಹೆಪ್ಪುಗಟ್ಟಿದ ರಕ್ತವನ್ನು ಹಾಗೇ ಫ್ರೀಜರಿಗೆ ಹಾಕಿದರೆ ಕಣ ಒಡೆದು ಎಲ್ಲಾ ಕೆಡುತ್ತದೆ. 2ರಿಂದ 8 ಡಿಗ್ರಿಯಲ್ಲಿ ಸಾಗಿಸಿ. ಟ್ಯೂಬ್ ಮೇಲೆ ಹೆಸರಿನ ಜತೆ ಎರಡು ತಾರೀಖು ಬೇಕು: ಲಕ್ಷಣ ಶುರುವಾದ ದಿನ, ಸ್ಯಾಂಪಲ್ ತೆಗೆದ ದಿನ. ಮೊದಲನೆಯದು ಇಲ್ಲದೆ ಬಂದ ನೆಗೆಟಿವ್ ರಿಪೋರ್ಟಿಗೆ ಅರ್ಥವೇ ಇಲ್ಲ. ನಮ್ಮಲ್ಲಿ ಜೆಇ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ದೊಡ್ಡ ಆಸರೆ. ಐಜಿಎಂ ಪತ್ತೆ ಮಾಡುವ ಎಲೈಸಾ ಕಿಟ್ ತಯಾರಾಗುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ. ಕೇಸ್‌ಗಳು ನೂರಾದರೆ ನೂರನ್ನೂ ಪರೀಕ್ಷೆ ಮಾಡಿಸಬೇಕಿಲ್ಲ. ಮೊದಲ ಐದು ಹತ್ತು ಕೇಸ್ ಖಚಿತವಾದರೆ, ಅದೇ ಜಾಗ ಅದೇ ಕಾಲದ ಉಳಿದವನ್ನು "ಸಂಭಾವ್ಯ ಜೆಇ" ಅಂತ ಬರೆಯಬಹುದು.

ಯಾರನ್ನು ಕೇಸ್ ಅಂತ ಎಣಿಸಬೇಕು

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಸರಳವಾಗಿದೆ. ಯಾವುದೇ ವಯಸ್ಸು, ವರ್ಷದ ಯಾವುದೇ ಕಾಲ. ದಿಢೀರ್ ಜ್ವರ, ಅದರ ಜತೆ ಗೊಂದಲ, ಮಾತು ನಿಲ್ಲುವುದು, ಪ್ರಜ್ಞೆ ತಪ್ಪುವುದು, ಇಲ್ಲವೇ ಹೊಸದಾಗಿ ಫಿಟ್ಸ್. ಚಿಕ್ಕ ಮಕ್ಕಳಿಗೆ ಜ್ವರದ ಕಾವಿಗೆ ಒಂದೇ ಸಲ ಫಿಟ್ಸ್ ಬಂದು, 15 ನಿಮಿಷದೊಳಗೆ ನಿಂತು, ಗಂಟೆಯೊಳಗೆ ಮಗು ಎಚ್ಚರವಾದರೆ ಅದನ್ನು ಸೇರಿಸಬೇಡಿ. ಇದಕ್ಕೆ ನಿಮ್ಮ ಜಾಗ ಮತ್ತು ಕಾಲ ಸೇರಿಸಿದರೆ ವ್ಯಾಖ್ಯೆ ತಯಾರು: "ಅಕ್ಟೋಬರ್ 1ರಿಂದ ಈಚೆಗೆ, ಈ ತಾಲ್ಲೂಕಿನಲ್ಲಿ ಕನಿಷ್ಠ ಎರಡು ವಾರ ಇದ್ದವರಲ್ಲಿ…" ಅಂತ. ಮೊದಲು ಬಲೆ ಅಗಲವಾಗಿರಲಿ, ಆಮೇಲೆ ಬಿಗಿ ಮಾಡೋಣ.

ಇದು ನಿಜಕ್ಕೂ ಹಾವಳಿಯೇ ಅನ್ನುವುದನ್ನೂ ಕೇಳಿಕೊಳ್ಳಿ. ಇದೇ ವಾರಗಳಲ್ಲಿ ಹಿಂದಿನ ಮೂರು ನಾಲ್ಕು ವರ್ಷ ಎಷ್ಟು ಎಇಎಸ್ ಬಂದಿತ್ತು ಅಂತ ಸರ್ಕಾರದ ರೋಗ ವರದಿಯ ಐಎಚ್‌ಐಪಿ ಪೋರ್ಟಲ್‌ನಲ್ಲಿ, ಹಳೇ ರಿಜಿಸ್ಟರ್‌ಗಳಲ್ಲಿ ನೋಡಿ. ಕೆಲವೊಮ್ಮೆ ಹೊಸ ಮಕ್ಕಳ ಡಾಕ್ಟರ್ ಬಂದು ಬೆನ್ನುನೀರು ತೆಗೆಯಲು ಶುರು ಮಾಡಿದ್ದಕ್ಕೇ ಸಂಖ್ಯೆ ಏರಿರುತ್ತದೆ.

ಊರೊಳಗೆ ಹುಡುಕಾಟ

ಆಸ್ಪತ್ರೆಗೆ ಬಂದವರು ಪಟ್ಟಿಯ ಒಂದು ತುಂಡು ಮಾತ್ರ. ಖಾಸಗಿ ನರ್ಸಿಂಗ್ ಹೋಂ, ಮೆಡಿಕಲ್ ಶಾಪ್, ಊರಿನ ಇಂಜೆಕ್ಷನ್ ಡಾಕ್ಟರು, ಗ್ರಾಮ ಪಂಚಾಯಿತಿಯ ಮರಣದ ರಿಜಿಸ್ಟರ್ ಎಲ್ಲಾ ಕಡೆ ಕೇಳಬೇಕು. ತಾಯತ ಕಟ್ಟುವವರನ್ನು ಬಿಡಬೇಡಿ. ಮಗು ದಿಢೀರನೆ ಏನೇನೋ ಬಡಬಡಿಸಿದರೆ "ಗಾಳಿ ಸೋಕಿದೆ" ಅಂತ ಮೊದಲು ಹೋಗುವುದು ಅವರ ಹತ್ತಿರವೇ. ನಗುತ್ತಾ ಕೂತು ಒಂದು ಕಪ್ ಟೀ ಕುಡಿದರೆ, ಈ ತಿಂಗಳು ಯಾವ ಯಾವ ಊರಿನಿಂದ ಅಂಥ ಮಕ್ಕಳು ಬಂದಿದ್ದರು ಅಂತ ಬೆರಳು ಮಡಚಿ ಹೇಳುತ್ತಾರೆ. ಆಶಾ ಕಾರ್ಯಕರ್ತೆಯರು ಜತೆಗಿದ್ದರೆ ಮನೆ ಮನೆ ಸುತ್ತುವುದು ಸಲೀಸು.

ಅತಿ ಕಷ್ಟದ ಪ್ರಶ್ನೆ ಒಂದೇ: ಜ್ವರ ಯಾವತ್ತು ಶುರುವಾಯಿತು? ಹೀಗೆ ನಡೆಯುತ್ತದೆ ಮಾತುಕತೆ.

"ಯಾವತ್ತಮ್ಮ ಜ್ವರ ಬಂದದ್ದು?"

"ಅದೇ ಸಾ, ಹೋದ ವಾರ."

"ಹೋದ ವಾರ ಯಾವತ್ತು? ಸಂತೆಗೆ ಹೋಗಿದ್ರಾ?"

"ಹೂಂ, ಸಂತೆಯಿಂದ ಬಂದಾಗ ಆಡ್ತಾ ಇದ್ದ. ಮಾರನೇ ದಿನ ಸ್ಕೂಲಿಂದ ಬಂದವನೇ ಮಲಗಿಬಿಟ್ಟ."

ಸಂತೆ ಬುಧವಾರ. ಅಂದರೆ ಜ್ವರ ಗುರುವಾರ. ಕ್ಯಾಲೆಂಡರ್ ತೆಗೆದು ತಾರೀಖು ಬರೆಯಿರಿ. ಸಂತೆ, ಹಬ್ಬ, ನಾಲೆಗೆ ನೀರು ಬಿಟ್ಟ ದಿನ, ನಾಟಿ ಮುಗಿದ ದಿನ, ಸಂಘದ ಕಂತು ಕಟ್ಟಿದ ದಿನ. ಇವನ್ನು ಗೂಟ ಹೊಡೆದುಕೊಂಡು ಕೇಳಿದರೆ ತಾರೀಖು ಸಿಗುತ್ತದೆ. ಮಗು ಕಳೆದುಕೊಂಡ ಮನೆಯಲ್ಲಿ ಫಾರಂ ಕೈಯಲ್ಲಿ ಹಿಡಿದು ಒಳಗೆ ಹೋಗಬೇಡಿ. ಮೊದಲು ಕೂತುಕೊಳ್ಳಿ. ಅವರು ಮಾತಾಡಲಿ.

ಲೈನ್ ಲಿಸ್ಟಿನಲ್ಲಿ (ಕೇಸಿಗೊಂದು ಸಾಲಿನ ಪಟ್ಟಿ) ವಯಸ್ಸು, ಗಂಡೋ ಹೆಣ್ಣೋ, ಮನೆ ಇರುವ ಜಾಗ, ಜ್ವರದ ದಿನ, ಫಿಟ್ಸ್ ದಿನ, ಹಿಂದಿನ ಎರಡು ವಾರ ಎಲ್ಲೆಲ್ಲಿ ರಾತ್ರಿ ಕಳೆದರು, ಲಸಿಕೆ, ಹಂದಿ ಗೂಡು ಎಷ್ಟು ದೂರ, ಎಲ್ಲಿ ಮಲಗುತ್ತಾರೆ, ಈಗ ಹೇಗಿದ್ದಾರೆ ಎಲ್ಲವೂ ಇರಲಿ. "ಎರಡು ವಾರ" ಯಾಕೆಂದರೆ ಸೊಳ್ಳೆ ಕಚ್ಚಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 5ರಿಂದ 15 ದಿನ ಬೇಕು. ಅಜ್ಜಿ ಮನೆಗೆ ಹೋಗಿದ್ದ ಮಗುವಿಗೆ ಸೊಳ್ಳೆ ಕಚ್ಚಿದ್ದು ಅಜ್ಜಿ ಊರಿನಲ್ಲೂ ಇರಬಹುದು.

ತಾರೀಖು, ಜಾಗ, ವಯಸ್ಸು ಏನು ಹೇಳುತ್ತವೆ

ಗ್ರಾಫ್ ಹಾಳೆಯಲ್ಲಿ ದಿನಕ್ಕೊಂದು ಚೌಕ ತುಂಬಿ. ಸೊಳ್ಳೆಯಿಂದ ಬಂದದ್ದಾದರೆ ಗುಡ್ಡ ನಿಧಾನಕ್ಕೆ ಏರಿ, ವಾರಗಟ್ಟಲೆ ಎಳೆದುಕೊಂಡು ಇಳಿಯುತ್ತದೆ. ಮೂರೇ ದಿನದಲ್ಲಿ ಕಂಬದ ಹಾಗೆ ಎದ್ದು ಮಲಗಿದರೆ ಊಟ, ನೀರು, ವಿಷ ಯಾವುದೋ ಇರಬೇಕು. ಮೊದಲ ಕೇಸಿನಿಂದ ಎರಡು ವಾರ ಹಿಂದಕ್ಕೆ ಎಣಿಸಿ. ಆಗ ನಾಲೆಯಲ್ಲಿ ನೀರಿತ್ತಾ, ನಾಟಿ ಆಗಿತ್ತಾ ಅಂತ ಕೇಳಿ. ನಮ್ಮ ರಾಜ್ಯದಲ್ಲಿ ಏಪ್ರಿಲ್‌ನಿಂದ ಜುಲೈ, ಸೆಪ್ಟೆಂಬರ್‌ನಿಂದ ಡಿಸೆಂಬರ್ ಅಂತ ಎರಡು ಸಲ ಈ ಜ್ವರ ತಲೆ ಎತ್ತುವುದುಂಟು. ಎರಡು ಬೆಳೆಯ ನೀರಾವರಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ನಕ್ಷೆಯಲ್ಲಿ ಮನೆಗಳ ಜತೆ ಗದ್ದೆ, ಕೆರೆ, ಹಂದಿ ಗೂಡು, ಕೊಕ್ಕರೆ ಕೂರುವ ಮರ ಗುರುತಿಸಿ. ಆಮೇಲೆ ಕೇಸ್ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ. ದೊಡ್ಡ ಊರಿನಲ್ಲಿ ಜಾಸ್ತಿ ಕೇಸ್ ಇದ್ದೇ ಇರುತ್ತದೆ. ಮಕ್ಕಳ ಲೆಕ್ಕ ಅಂಗನವಾಡಿ, ಶಾಲೆ ರಿಜಿಸ್ಟರ್‌ನಲ್ಲಿ ಸಿಗುತ್ತದೆ.

ವಯಸ್ಸು ದೊಡ್ಡ ಸುಳಿವು. ಜೆಇ ಹಳೇ ನೆಂಟನಾಗಿರುವ ಕಡೆ ದೊಡ್ಡವರಿಗೆ ಆಗಲೇ ರಕ್ಷಣೆ ಇರುತ್ತದೆ, ಬೀಳುವುದು 15ರೊಳಗಿನ ಮಕ್ಕಳು. ಎಲ್ಲಾ ವಯಸ್ಸಿನವರೂ ಬೀಳುತ್ತಿದ್ದರೆ ವೈರಸ್ ಆ ಊರಿಗೆ ಹೊಸದು, ಇಲ್ಲವೇ ಮಕ್ಕಳಿಗೆ ಲಸಿಕೆ ಆಗಿ ದೊಡ್ಡವರು ಉಳಿದಿದ್ದಾರೆ. ಅಸ್ಸಾಂನಲ್ಲಿ ದೊಡ್ಡವರಿಗೂ ಲಸಿಕೆ ಹಾಕಬೇಕಾಗಿ ಬಂದದ್ದು ಹೀಗೇ. ಬರೀ ಒಂದು ಕಸುಬಿನ ಗಂಡಸರೇ ಬೀಳುತ್ತಿದ್ದರೆ, ಮಲೇಷ್ಯಾ ನೆನಪಿಸಿಕೊಳ್ಳಿ.

ಮುಸ್ಸಂಜೆಯ ಕೆಲಸ

ಜೆಇ ಹರಡುವ ಮುಖ್ಯ ಸೊಳ್ಳೆ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್. ಅದರ ಬಂಧು ಕ್ಯೂಲೆಕ್ಸ್ ವಿಷ್ಣುಯಿ. ಹೆಸರಲ್ಲಿ ವಿಷ್ಣು ಇದ್ದರೂ ಕೆಲಸ ಯಮನದು. ಡೆಂಗಿ ಸೊಳ್ಳೆಯ ಹಾಗೆ ಡ್ರಮ್ಮು, ಟಯರಿನಲ್ಲಿ ಇವು ಹುಟ್ಟುವುದಿಲ್ಲ. ಹೊಸದಾಗಿ ನಾಟಿಯಾದ ಗದ್ದೆಯ ತಿಳಿ ನೀರು, ಕೆರೆಯಂಚಿನ ಜೊಂಡು ಇವುಗಳ ತವರು. ಕಚ್ಚುವುದು ಮುಸ್ಸಂಜೆ, ರಾತ್ರಿ, ಹೆಚ್ಚಾಗಿ ಮನೆಯ ಹೊರಗೆ. ಇಷ್ಟ ದನ ಮತ್ತು ಹಂದಿ. ಮನುಷ್ಯ ಅಕ್ಕಪಕ್ಕದಲ್ಲಿದ್ದರೆ ಅವನನ್ನೂ ಬಿಡುವುದಿಲ್ಲ, ಅಷ್ಟೇ.

ಸೂರ್ಯ ಮುಳುಗಿದ ಮೇಲೆ ಕೊಟ್ಟಿಗೆಗೆ ಹೋಗಿ. ಒಂದು ಕೈಯಲ್ಲಿ ಟಾರ್ಚ್, ಬಾಯಲ್ಲಿ ಆಸ್ಪಿರೇಟರ್‌ನ ರಬ್ಬರ್ ನಳಿಕೆ. ಗೋಡೆ, ಹುಲ್ಲಿನ ಬಣವೆ, ಬೇಲಿಯ ಪೊದೆ ಮೇಲೆ ಕೂತ ಸೊಳ್ಳೆಗೆ ಗಾಜಿನ ತುದಿ ಹಿಡಿದು ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಎಳೆದರೆ ಜಾಲರಿಗೆ ಬಡಿದು ರೆಕ್ಕೆಯ ಪುಡಿ ಉದುರಿ ಗುರುತು ಸಿಗದ ಹಾಗಾಗುತ್ತದೆ. ನಾಲ್ಕೈದು ಸಿಕ್ಕ ಮೇಲೆ ಬಲೆ ಬಟ್ಟೆ ಕಟ್ಟಿದ ಪೇಪರ್ ಕಪ್ಪಿಗೆ ಊದಿ ಬಿಡಿ, ಮೇಲೆ ಒದ್ದೆ ಹತ್ತಿ ಇಡಿ. ಲೆನ್ಸ್ ಹಿಡಿದರೆ ಕಂದು ಮೈ, ಸೊಂಡಿಲ ನಡುವೆ ಬಿಳಿ ಪಟ್ಟಿ ಕಾಣುತ್ತದೆ. ಇಬ್ಬರು 20 ನಿಮಿಷದಲ್ಲಿ 84 ಸೊಳ್ಳೆ ಹಿಡಿದರೆ, ಒಬ್ಬರಿಗೆ ಗಂಟೆಗೆ 126 ಅಂತ ಲೆಕ್ಕ. ಇದೇ ಸಂಖ್ಯೆಯನ್ನು ಊರೂರಿಗೆ, ವಾರವಾರಕ್ಕೆ ಹೋಲಿಸಬೇಕು. ವೈರಸ್ ಪರೀಕ್ಷೆಗೆ ಒಂದೇ ಜಾತಿಯ ಹೆಣ್ಣು ಸೊಳ್ಳೆಗಳನ್ನು 50ರ ಗುಂಪು ಮಾಡಿ ತಣ್ಣಗೆ ಕಳಿಸಿ. ಸಾವಿರಾರು ಸೊಳ್ಳೆಯಲ್ಲಿ ವೈರಸ್ ಇರುವುದು ಎಲ್ಲೋ ಕೆಲವಕ್ಕೆ ಮಾತ್ರ. ನೆಗೆಟಿವ್ ಬಂದರೆ ಸೊಳ್ಳೆ ನಿರಪರಾಧಿ ಅಂತ ಬರೆಯಬೇಡಿ.

ಹಂದಿಯ ವಿಷಯ ಸೂಕ್ಷ್ಮ. ಕೊಕ್ಕರೆ, ಬೆಳ್ಳಕ್ಕಿಗಳಲ್ಲಿ ಸುತ್ತುವ ವೈರಸ್ ಹಂದಿಯ ರಕ್ತದಲ್ಲಿ ಹಲವು ಪಟ್ಟು ಬೆಳೆಯುತ್ತದೆ. ಆದರೆ ಹಂದಿ ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ. ಗಬ್ಬದ ಹಂದಿ ಸತ್ತ ಮರಿ ಹಾಕಿತೇ ಅಂತ ಕೇಳಿ. ಅದು ಒಳ್ಳೆಯ ಸುಳಿವು. ದನದಲ್ಲಿ ವೈರಸ್ ಬೆಳೆಯುವುದಿಲ್ಲ, ಮನುಷ್ಯನಿಂದ ಮುಂದಕ್ಕೂ ಹೋಗುವುದಿಲ್ಲ. ಹಂದಿ ರಕ್ತ ತೆಗೆಯುವುದನ್ನು ಪಶುವೈದ್ಯರಿಗೆ ಬಿಡಿ. ಹಂದಿ ಸಾಕುವ ನಾಲ್ಕು ಮನೆಯವರ ಮೇಲೆ ಊರೆಲ್ಲಾ ತಿರುಗಿಬೀಳುವ ಹಾಗೆ ಮಾತ್ರ ಮಾತಾಡಬೇಡಿ. ಜೀಪಿನಿಂದ ಇಳಿದು ನೇರ ಅವರ ಗೂಡಿಗೆ ಹೋದರೂ ಸಾಕು, ಸುದ್ದಿ ಹುಟ್ಟಿಬಿಡುತ್ತದೆ. ಗದ್ದೆ, ಕೊಟ್ಟಿಗೆ, ಶಾಲೆ ಎಲ್ಲಾ ನೋಡಿ, ನಡುವೆ ಅಲ್ಲಿಗೂ ಹೋಗಿ.

ಅನುಮಾನವನ್ನು ಲೆಕ್ಕಕ್ಕೆ ಹಚ್ಚುವುದು

ಹಂದಿ ಗೂಡಿನ ಹತ್ತಿರ ಇದ್ದವರಿಗೇ ಜಾಸ್ತಿ ಅನ್ನಿಸುತ್ತದೆ. ಅನ್ನಿಸಿದರೆ ಸಾಲದು, ಕಾಯಿಲೆ ಇಲ್ಲದವರನ್ನೂ ಅದೇ ಪ್ರಶ್ನೆ ಕೇಳಬೇಕು. ಸುಮ್ನೆ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಕೇಸ್ 12. ಪ್ರತಿ ಕೇಸಿಗೆ ಅದೇ ವಯಸ್ಸಿನ, ಜ್ವರ ಬರದ ಮೂರು ಮಕ್ಕಳಂತೆ ಕಂಟ್ರೋಲ್ 36. ಗೂಡಿನಿಂದ 200 ಮೀಟರ್ ಒಳಗೆ ಮನೆ ಇರುವವರು ಕೇಸ್‌ಗಳಲ್ಲಿ 9, ಕಂಟ್ರೋಲ್‌ಗಳಲ್ಲೂ 9. ದೂರ ಇರುವವರು ಕೇಸ್‌ಗಳಲ್ಲಿ 3, ಕಂಟ್ರೋಲ್‌ಗಳಲ್ಲಿ 27. ಆಡ್ಸ್ ರೇಷಿಯೊ, ಅಂದರೆ ಕಾಯಿಲೆಗೂ ಗೂಡಿನ ಹತ್ತಿರ ಇರುವುದಕ್ಕೂ ನಂಟು ಎಷ್ಟು ಅನ್ನುವ ಅಳತೆ: 9×27 ಅನ್ನು 3×9ರಿಂದ ಭಾಗಿಸಿದರೆ 9. ಸಂಜೆ ಹೊರಗೆ ಮಲಗುವವರು ಕೇಸ್‌ಗಳಲ್ಲಿ 10, ಕಂಟ್ರೋಲ್‌ಗಳಲ್ಲಿ 25. ಇದು 10×11 ಭಾಗಿಸು 2×25, ಅಂದರೆ 2.2. ಮೊದಲನೆಯದು ಗಟ್ಟಿ ಸುಳಿವು, ಎರಡನೆಯದು ಮಂದ. ಆದರೆ ಬರೀ 12 ಕೇಸ್‌ನಲ್ಲಿ ಎರಡರ ಅಂದಾಜೂ ತೂಗಾಡುತ್ತದೆ, ಕಾನ್ಫಿಡೆನ್ಸ್ ಇಂಟರ್ವಲ್ (ಅಂದಾಜು ಎಲ್ಲಿಂದ ಎಲ್ಲಿಯವರೆಗೆ ತೂಗಾಡಬಹುದು ಅನ್ನುವ ವ್ಯಾಪ್ತಿ) ಹಾಕದೆ ಬರೆಯಬೇಡಿ.

ಇಲ್ಲೊಂದು ಬಲೆ ಇದೆ, ಓದಿಕೊಂಡವರೂ ಬೀಳುತ್ತಾರೆ. ಅನುಕೂಲ ಅಂತ ಕಂಟ್ರೋಲ್ ಮಕ್ಕಳನ್ನು ಕೇಸಿನ ಪಕ್ಕದ ಮನೆಯಿಂದಲೇ ಆರಿಸುತ್ತೇವೆ. ಪಕ್ಕದ ಮನೆಗೂ ಹಂದಿ ಗೂಡು ಅಷ್ಟೇ ದೂರ ಅಲ್ವಾ! ವ್ಯತ್ಯಾಸವೇ ಕಾಣುವುದಿಲ್ಲ, "ಹಂದಿಗೂ ಕಾಯಿಲೆಗೂ ಸಂಬಂಧವಿಲ್ಲ" ಅಂತ ವರದಿ ಹೋಗುತ್ತದೆ. ದೂರವನ್ನು ಪರೀಕ್ಷಿಸಬೇಕಿದ್ದರೆ ಕಂಟ್ರೋಲ್‌ಗಳು ಇಡೀ ಊರಿನಿಂದ ಬರಲಿ.

ಲ್ಯಾಬ್ ರಿಪೋರ್ಟಿಗೆ ಕಾಯದೆ ಮಾಡುವ ಕೆಲಸ

ಜೆಇಗೆ ವೈರಸ್ ಕೊಲ್ಲುವ ಔಷಧಿ ಇಲ್ಲ. ಫಿಟ್ಸ್ ನಿಲ್ಲಿಸುವುದು, ಉಸಿರಾಟ, ಸಕ್ಕರೆ, ನೀರಿನಂಶ ನೋಡಿಕೊಳ್ಳುವುದೇ ಚಿಕಿತ್ಸೆ. ಪಿಎಚ್‌ಸಿಯಲ್ಲೇ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಫಿಟ್ಸ್ ನಿಲ್ಲಿಸಿ ಕಳಿಸಿದರೆ ಉಳಿಯುವ ಸಾಧ್ಯತೆ ಜಾಸ್ತಿ. ಮೊದಲ ದಿನವೇ ಎಲ್ಲಾ ಪಿಎಚ್‌ಸಿಗೆ ಇದನ್ನು ತಿಳಿಸಿ.

ಸೊಳ್ಳೆ ಪರದೆ, ಸಂಜೆ ಮೈತುಂಬ ಬಟ್ಟೆ, ಮಕ್ಕಳನ್ನು ಕೊಟ್ಟಿಗೆ ಪಕ್ಕ ಮಲಗಿಸದಿರುವುದು: ಇವಕ್ಕೆ ರಿಪೋರ್ಟ್ ಬೇಕಿಲ್ಲ. ಮನೆಯೊಳಗೆ ಗೋಡೆಗೆ ಔಷಧಿ ಹೊಡೆದರೆ ಈ ಸೊಳ್ಳೆಗೆ ಅಷ್ಟೇನೂ ತಟ್ಟುವುದಿಲ್ಲ, ಅದು ಹೊರಗಿನದು. ಫಾಗಿಂಗ್ ಮಾಡುವುದಾದರೆ ಮುಸ್ಸಂಜೆಯಲ್ಲಿ, ಹಂದಿ ಗೂಡು ಮತ್ತು ಕೊಟ್ಟಿಗೆ ಸುತ್ತ ಮಾಡಿ. ಮಧ್ಯಾಹ್ನ ಪಂಚಾಯಿತಿ ಕಚೇರಿ ಮುಂದೆ ಹೊಗೆ ಬಿಟ್ಟರೆ ಫೋಟೋಕ್ಕೆ ಚೆಂದ, ಅಷ್ಟೇ. ಗದ್ದೆಗೆ ನೀರು ಒಂದು ಸಲ ಕಟ್ಟಿ, ಒಣಗಿಸಿ, ಮತ್ತೆ ಕಟ್ಟಿದರೆ ಲಾರ್ವಾ ಸಾಯುತ್ತದೆ. ಆದರೆ ನಾಲೆಯ ಕೊನೆಯ ರೈತನಿಗೆ ನೀರು ಯಾವಾಗ ಬರುತ್ತದೋ ಅವನಿಗೇ ಗೊತ್ತಿರುವುದಿಲ್ಲ. ನೀರಾವರಿಯವರ ಜತೆ ಕೂತು ಮಾತಾಡದೆ ಈ ಸಲಹೆ ಕೊಡಬೇಡಿ.

ಲಸಿಕೆ ಹಾಕಿದ ಮೇಲೆ ರಕ್ಷಣೆ ಬರಲು ವಾರಗಳು ಬೇಕು. ಈ ಹಾವಳಿಯ ಮಟ್ಟಿಗೆ ಅದು ತಡವೇ, ಮುಂದಿನ ವರ್ಷಕ್ಕೆ ಆಸರೆ. ಜೆಇ ಜಿಲ್ಲೆಗಳಲ್ಲಿ 9ನೇ ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಕೊಡುತ್ತಾರೆ. 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಇನ್ನೂ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ನಡೆಸಿತು. ನಿಮ್ಮ ಕೇಸ್‌ಗಳಲ್ಲಿ ಎಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಿತ್ತು ಅನ್ನುವುದು ವರದಿಯ ಮೊದಲ ಪುಟದಲ್ಲೇ ಇರಲಿ.

ವರದಿ ಮತ್ತು ಆಮೇಲೆ

48 ಗಂಟೆಯೊಳಗೆ ಎರಡು ಪುಟದ ಮೊದಲ ವರದಿ ಕಳಿಸಿ. ಗೊತ್ತಿರುವುದು, ಗೊತ್ತಿಲ್ಲದ್ದು, ನಾಳೆ ಏನು ಮಾಡುತ್ತೀರಿ, ಇಷ್ಟು ಸಾಕು. ಕೊನೆಯ ಕೇಸ್ ಬಂದ ಮೇಲೂ ನಾಲ್ಕು ವಾರ ಹುಡುಕುತ್ತಿರಿ. ಪತ್ರಕರ್ತರ ಜತೆ ತಂಡದ ಒಬ್ಬರೇ ಮಾತಾಡಲಿ.

ಫೈಲ್ ಮುಚ್ಚುವ ಮುಂಚೆ ಒಂದು ಸುತ್ತು ಬಾಕಿ ಇದೆ. ಆಸ್ಪತ್ರೆ ಸೇರುವಷ್ಟು ಜೋರಾದವರಲ್ಲಿ ನೂರಕ್ಕೆ 30ರವರೆಗೆ ಸಾಯಬಹುದು. ಬದುಕಿದವರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಕೈಕಾಲು, ಮಾತು, ನೆನಪು, ಯಾವುದಾದರೂ ಒಂದರಲ್ಲಿ ಊನ ಉಳಿಯುತ್ತದೆ. "ಗುಣಮುಖ" ಅಂತ ಲೈನ್ ಲಿಸ್ಟಿನಲ್ಲಿ ಬರೆದ ಮಗುವಿನ ಮನೆಗೆ ಮೂರು ತಿಂಗಳ ನಂತರ ಹೋಗಿ. ಚಮಚ ಹಿಡಿಯುತ್ತಾನಾ, ಹಿಂದಿನ ಹಾಗೆ ಹೆಸರು ಹೇಳುತ್ತಾನಾ, ಶಾಲೆಗೆ ಹೋಗುತ್ತಿದ್ದಾನಾ ಅಂತ ತಾಯಿಯನ್ನು ಕೇಳಿ. ಫಿಜಿಯೋಥೆರಪಿ ಎಲ್ಲಿ ಸಿಗುತ್ತದೆ, ಅಂಗವಿಕಲರ ಗುರುತಿನ ಚೀಟಿಗೆ ಯಾರನ್ನು ನೋಡಬೇಕು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ. ಆಮೇಲೆ ಲೈನ್ ಲಿಸ್ಟಿನ ಆ ಕಾಲಂ ತಿದ್ದಿ.